ನೋಡದೆ ಕೂಗಿದ ಹೆಸರು

ಸಾಲ್ಚೆನಿ ಎಂಬ ಹಳ್ಳಿಯಲ್ಲಿ ಇಪ್ಪತ್ತು ದಾಟಿದ ಹುಡುಗಿಯರನ್ನು ಜನ ಎರಡು ಗುಂಪು ಮಾಡಿ ನೋಡುತ್ತಾರೆ: ಬಸ್ಸು ಹತ್ತಿದವರು, ಹತ್ತಲಿರುವವರು. ಆ ಬಸ್ಸು ಫೆಬ್ರವರಿಯಲ್ಲಿ ಚರ್ಚಿನ ಮುಂದೆ ಬಂದು ನಿಲ್ಲುತ್ತದೆ, ಹೆಣ್ಣುಮಕ್ಕಳನ್ನು ತುಂಬಿಕೊಂಡು ಸ್ಪೇನಿನ ಸ್ಟ್ರಾಬೆರಿ ತೋಟಗಳಿಗೆ ಹೊರಡುತ್ತದೆ. ಸ್ಮಾರಾಂಡಾಳ ಅಕ್ಕ ಆಗಲೇ ಹತ್ತಿದ್ದಳು. ಬಗ್ಗಿ ಬಗ್ಗಿ ಅಕ್ಕನ ಸೊಂಟ ಮೂವತ್ತಕ್ಕೇ ಹಿಡಿದುಕೊಂಡದ್ದನ್ನು ಕಂಡಿದ್ದ ಸ್ಮಾರಾಂಡಾ, ತಾನು ಊರಲ್ಲೇ ಏನಾದರೂ ಕೆಲಸ ನೋಡಿಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದಳು. ಏನು ಕೆಲಸ ಎಂದು ಅಪ್ಪ ಕೇಳಿದರೆ ಅವಳಲ್ಲಿ ಉತ್ತರವಿರಲಿಲ್ಲ.

ಉತ್ತರ ಹುಡುಕಿದವಳು ಝಂಫೀರಾ. ಚರ್ಚಿನಲ್ಲಿ ದೀಕ್ಷಾಸ್ನಾನದ ದಿನ ಕೂಸು ಸ್ಮಾರಾಂಡಾಳನ್ನು ಕೈಯಲ್ಲಿ ಎತ್ತಿ ಹಿಡಿದು, ಎರಡನೇ ತಾಯಿಯ ಹೊಣೆ ಹೊತ್ತ ಜ್ಞಾನತಾಯಿ ಅವಳು; ಹುಡುಗಿ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ದನಿ ಮಾತ್ರ ಇಡೀ ಬೀದಿಗೆ ಸಾಕಾಗುವಷ್ಟಿತ್ತು. ಪಶುವೈದ್ಯ ಪಂತಾಜಿಯವರ ಹಳೆಯ ಸಹಾಯಕಿ ಮಂಡಿನೋವೆಂದು ಕೆಲಸ ಬಿಟ್ಟ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಝಂಫೀರಾ ಒಂದು ಕಂಕುಳಲ್ಲಿ ಹುಂಜ, ಇನ್ನೊಂದು ಕೈಯಲ್ಲಿ ಪ್ಲಮ್ ಸಾರಾಯಿಯ ಬಾಟಲಿ ಹಿಡಿದು ಕ್ಲಿನಿಕ್ಕಿಗೆ ನುಗ್ಗಿದಳು. ಹುಂಜಕ್ಕೆ ಏನಾಗಿದೆ ಎಂದು ಡಾಕ್ಟರು ಕೇಳಿದರು.

“ಹುಂಜಕ್ಕೇನೂ ಆಗಿಲ್ಲ ಡಾಕ್ಟ್ರೇ, ಗುಂಡುಕಲ್ಲು ಇದ್ದ ಹಾಗಿದೆ. ನನ್ನ ಹುಡುಗಿಗೆ ಒಂದು ಕೆಲಸ ಆಗ್ಬೇಕಿದೆ.”

ಪಂತಾಜಿ ಹುಂಜವನ್ನು ವಾಪಸು ಕಳಿಸಿದರು, ಬಾಟಲಿಯನ್ನು ಇಟ್ಟುಕೊಂಡರು, ಹುಡುಗಿಯನ್ನು ಸೋಮವಾರ ಬರಹೇಳಿದರು.

ಸೋಮವಾರ ಅವರು ಓದಿನ ವಿಷಯ ಎತ್ತಲೇ ಇಲ್ಲ. ಕನ್ನಡಕವನ್ನು ಹಣೆಗೇರಿಸಿ ಒಂದೇ ಪ್ರಶ್ನೆ ಕೇಳಿದರು. “ನೀನು ಕರುಣೆಯ ಪೈಕಿನಾ?”

ಸ್ಮಾರಾಂಡಾ ಕೆಂಪಾದಳು. ಡಿಸೆಂಬರಿನಲ್ಲಿ ಇಗ್ನಾತ್ ಸಂತನ ದಿನ ಮನೆಮನೆಯ ಅಂಗಳದಲ್ಲಿ ಹಂದಿ ಕೊಯ್ಯುವಾಗ, ಅಯ್ಯೋ ಎನ್ನುವವರು ಹತ್ತಿರ ನಿಲ್ಲಬಾರದು. ನಿಂತರೆ ಹಂದಿಯ ಜೀವ ಬೇಗ ಹೋಗುವುದಿಲ್ಲ ಎಂದು ಊರಿನ ನಂಬಿಕೆ. ಹಾಗೆ ಅಂಗಳದಿಂದ ಅಟ್ಟಿಸಿಕೊಳ್ಳುವವರಲ್ಲಿ ಸ್ಮಾರಾಂಡಾ ಪ್ರತಿ ವರ್ಷವೂ ಮೊದಲನೆಯವಳು. ಝಂಫೀರಾ ಅವಳನ್ನು ಒಳಮನೆಗೆ ಎಳೆದೊಯ್ದು, ತಲೆಯ ಮೇಲೆ ರಜಾಯಿ ಹೊದಿಸಿ, ಕೈಗೆ ಆಕ್ರೋಟು ಕೊಟ್ಟು, ಹೊರಗಿನ ಸದ್ದು ಅಡಗುವವರೆಗೂ ಕಿವಿ ಮುಚ್ಚಿ ಹಿಡಿದು ಕೂರುತ್ತಿದ್ದಳು. ಇದು ಊರಿಗೆಲ್ಲ ಗೊತ್ತಿದ್ದ ತಮಾಷೆ.

“ಇಲ್ಲ ಡಾಕ್ಟ್ರೇ. ನಂಗೆ ಕರುಣೆಗಿರುಣೆ ಏನಿಲ್ಲ.”

“ಸರಿ, ಹೊಸ ವರ್ಷದವರೆಗೂ ನೋಡೋಣ. ಸರಿಹೋದ್ರೆ ಇರು, ಇಲ್ದಿದ್ರೆ ಬಸ್ಸಿದೆಯಲ್ಲ.”

ಹೀಗೆ ಅವಳ ಮೊದಲ ಕೆಲಸ ಒಂದು ಸುಳ್ಳಿನಿಂದ ಶುರುವಾಯಿತು. ಆ ಸುಳ್ಳಿನಿಂದ ಯಾರಿಗೂ ಕೆಡುಕಾಗಲಿಲ್ಲ ಅನ್ನಿ. ಪರಚುವ ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಹಿಡಿಯುವುದು, ಕುರಿಯ ಗೊರಸು ಕತ್ತರಿಸುವುದು, ಸೂಜಿ ಕುದಿಸುವುದು, ಎಲ್ಲವನ್ನೂ ಅವಳು ಚುರುಕಾಗಿ ಕಲಿತಳು. ಅಳು ಬಂದಾಗ ಹಿತ್ತಲಿಗೆ ಹೋಗಿ ಸೌದೆ ಒಡೆದು ಬರುತ್ತಿದ್ದಳು. ಆ ನವೆಂಬರಿನಲ್ಲಿ ಕ್ಲಿನಿಕ್ಕಿಗೆ ಸೌದೆಯ ಕೊರತೆಯೇ ಆಗಲಿಲ್ಲ.

ಅವಳು ಕಲಿತ ಮುಖ್ಯ ವಿದ್ಯೆ ಗಾಜಿನದು. ಕೊಯ್ದ ಹಂದಿಯ ಎದೆಗೂ ಹೊಟ್ಟೆಗೂ ನಡುವಿನ ತೆಳು ಮಾಂಸವನ್ನು ಜನ ತಂದುಕೊಡುತ್ತಾರೆ. ಅದರಿಂದ ಅಕ್ಕಿಕಾಳಿನಷ್ಟು ಚೂರುಗಳನ್ನು ಕತ್ತರಿಸಿ, ಎರಡು ದಪ್ಪ ಗಾಜುಗಳ ನಡುವೆ ಇಟ್ಟು, ಆಚೆಗಿನ ಬೆಳಕು ಕಾಣುವಷ್ಟು ತೆಳ್ಳಗಾಗುವಂತೆ ತಿರುಪು ಬಿಗಿಯಬೇಕು. ಆಮೇಲೆ ಡಾಕ್ಟರು ಅದನ್ನು ದೀಪದ ಯಂತ್ರದಲ್ಲಿಟ್ಟು, ದೊಡ್ಡದಾಗಿ ಮೂಡುವ ಚಿತ್ರದಲ್ಲಿ ಹುಳು ಹುಡುಕುತ್ತಾರೆ. ಇಲಿ ತಿಂದ ಹಂದಿಯ ಮಾಂಸದಲ್ಲಿ ಸುರುಳಿ ಸುತ್ತಿಕೊಂಡು ಮಲಗಿರುವ ಹುಳು ಅದು. ಆ ಮಾಂಸ ಹಸಿಯಾಗಿ ಮನುಷ್ಯನ ಹೊಟ್ಟೆ ಸೇರಿದರೆ ಹುಳು ಮೈಯ ಮಾಂಸಖಂಡಗಳಲ್ಲೇ ಮನೆ ಮಾಡುತ್ತದೆ. ಹುಳು ಕಾಣದಿದ್ದರೆ ಸಹಾಯಕಿ ಬಾಗಿಲಿಗೆ ಬಂದು, ಅಂಗಳದಲ್ಲಿ ಕಾಯುವವರ ಹೆಸರು ಹಿಡಿದು “ಚೊಕ್ಕ” ಎಂದು ಕೂಗುತ್ತಾಳೆ. ಆ ಒಂದು ಮಾತು ಕಿವಿಗೆ ಬಿದ್ದರೆ ಮನೆಯಲ್ಲಿ ಕೊಚ್ಚಿದ ಮಾಂಸವನ್ನು ಕರುಳಿಗೆ ತುಂಬುವ ಸಾಸೇಜಿನ ಕೆಲಸ ಶುರುವಾಗುತ್ತದೆ.

“ಮೊದಲು ಕಣ್ಣು ನೋಡ್ಬೇಕು, ಆಮೇಲೆ ಬಾಯಿ ಕೂಗ್ಬೇಕು,” ಎಂದಿದ್ದರು ಪಂತಾಜಿ. “ಉಲ್ಟಾ ಆಯ್ತೋ, ನೀನೂ ಹೋದೆ, ನಾನೂ ಹೋದೆ.”

ಇಗ್ನಾತ್ ದಿನ ಬೆಳಗಾಗುವ ಹೊತ್ತಿಗೆ ಕ್ಲಿನಿಕ್ಕಿನ ಅಂಗಳದ ತುಂಬ ಜನ. ಜಾಮಿನ ಬಾಟಲಿಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ, ಎಲೆಕೋಸಿನ ಎಲೆಯಲ್ಲಿ ಸುತ್ತಿ ಮಾಂಸದ ತುಂಡು ತಂದಿದ್ದರು. ಸ್ಮಾರಾಂಡಾ ಕತ್ತರಿಸುವಳು, ಬಿಗಿಯುವಳು, ಡಾಕ್ಟರು ನೋಡುವರು. ಯಾವ ಗಾಜು ಯಾರದೆಂಬ ನೆನಪು ಅವಳದು. ಡಾಕ್ಟರಿಗೆ ಹೆಸರು ಬೇಕಿರಲಿಲ್ಲ. ಹಾಗೆ ಕೆಲಸ ಸಾಗುತ್ತಿರುವಾಗ ಮೇಲಿನ ಊರಿನಿಂದ ಒಬ್ಬ ಹಿತ್ತಲ ಬಾಗಿಲಿಗೆ ಓಡಿಬಂದ. ಹಸುವಿಗೆ ಕರು ಅಡ್ಡ ಬಂದಿತ್ತು. ಪಂತಾಜಿ ಕೋಟು ಎಳೆದುಕೊಂಡರು.

“ಇಲ್ಲಿ ನೋಡಿಟ್ಟಿರೋ ನಾಲ್ಕೈದು ಚೊಕ್ಕ ಇವೆ, ಇವರನ್ನ ಕರೆದು ಕಳಿಸು. ಉಳಿದವನ್ನ ಬಿಗಿದಿಡು. ನಾನು ಬರೋವರೆಗೂ ಮತ್ತೆ ಯಾರನ್ನೂ ಕರೀಬೇಡ.”

ಅವರ ಕಾರು ಹಿತ್ತಲ ದಾರಿಯಿಂದ, ಅಂಗಳದವರ ಕಣ್ಣಿಗೆ ಬೀಳದೆ ಹೋದ ಸ್ವಲ್ಪ ಹೊತ್ತಿಗೆ ಝಂಫೀರಾ ಏದುಸಿರು ಬಿಡುತ್ತ ಬಂದು, ತನ್ನ ಹಂದಿಯ ತುಂಡನ್ನು ಸ್ಮಾರಾಂಡಾಳ ಕೈಗಿಟ್ಟು, ಸಾಲಿನ ಕೊನೆಯಲ್ಲಿ ನಿಂತಳು. ಮನೆಯಲ್ಲಿ ಕಟುಕ ಗಾವ್ರಿಲ್ ಕಾಯುತ್ತಿದ್ದ; ಮಧ್ಯಾಹ್ನದೊಳಗೆ ಅವನು ಇನ್ನೊಂದು ಮನೆಗೆ ಹೋಗಬೇಕಿತ್ತು. ಅವಳು ಸಾಲಿನಲ್ಲಿ ನಿಂತದ್ದನ್ನು ಕಂಡವಳು ಎಫ್ತಿಮಿಯಾ, ಚರ್ಚಿನ ಪಕ್ಕದ ಮನೆಯವಳು, ನಾಲಿಗೆಗೆ ಮೂಳೆಯಿಲ್ಲದ ಹೆಂಗಸು.

“ಏನ್ ಝಂಫೀರಾ, ನೀನೂ ಸಾಲಲ್ಲೇ? ಹುಂಜ ಹೊತ್ಕೊಂಡು ಹೋಗಿ ಕೆಲಸ ಕೊಡಿಸಿದ್ದು ಯಾತಕ್ಕೆ ಮತ್ತೆ? ನಿನ್ನ ಹುಡುಗಿ ಬರೀ ಬೆಕ್ಕಿನ ಬಾಲ ಹಿಡ್ಕೊಳ್ಳೋಕಾ?”

ಅಂಗಳ ನಕ್ಕಿತು. ಮಾತಿಗೆ ಮಾತು ಕೊಡದೆ ಝಂಫೀರಾ ಸುಮ್ಮನಿದ್ದುದನ್ನು ಸ್ಮಾರಾಂಡಾ ಅದೇ ಮೊದಲ ಸಲ ನೋಡಿದ್ದು. ಒಳಗೆ ಹೋಗಿ ಗಾಜುಗಳ ಮುಂದೆ ನಿಂತಳು. ಆಮೇಲೆ ಬಾಗಿಲಿಗೆ ಬಂದು ಡಾಕ್ಟರು ನೋಡಿಟ್ಟಿದ್ದ ಹೆಸರುಗಳನ್ನು ಒಂದೊಂದಾಗಿ ಕೂಗಿದಳು. ಕೊನೆಯ ಹೆಸರಾದ ಮೇಲೂ ಬಾಯಿ ನಿಲ್ಲಲಿಲ್ಲ.

“ಝಂಫೀರಾ, ಚೊಕ್ಕ.”

ಜ್ಞಾನತಾಯಿ ತಲೆಯೆತ್ತಿ ಅವಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತಲೆವಸ್ತ್ರ ಸರಿಮಾಡಿಕೊಂಡು, ಎಫ್ತಿಮಿಯಾಳ ಮುಂದೆಯೇ ನಿಧಾನವಾಗಿ ನಡೆದುಹೋದಳು. ಎಫ್ತಿಮಿಯಾಳ ಮುಖ ಹುಳಿ ಹಿಂಡಿದಂತಾಯಿತು. ಸ್ಮಾರಾಂಡಾಗೆ ಆಗ ಆದ ಖುಷಿಯನ್ನು ಮುಚ್ಚಿಡುವುದೇಕೆ, ಅಷ್ಟು ಖುಷಿ ಅವಳಿಗೆ ಸಂಬಳದ ಮಾತು ಕೇಳಿದಾಗಲೂ ಆಗಿರಲಿಲ್ಲ. ಝಂಫೀರಾಳ ತುಂಡನ್ನು, ಚಳಿ ತಡೆಯಲೆಂದು ಕಿಟಕಿಗೆ ಹಾಕಿದ್ದ ಎರಡು ಗಾಜುಗಳ ನಡುವಿನ ತಣ್ಣನೆಯ ಸಂದಿಯಲ್ಲಿ ಇಟ್ಟಳು. ಡಾಕ್ಟರು ಬಂದ ಮೇಲೆ ಉಳಿದವುಗಳ ಜೊತೆ ಇದನ್ನೂ ಸೇರಿಸಿ ತೋರಿಸಿದರಾಯಿತು, ಯಾರಿಗೆ ಏನು ತಿಳಿಯಬೇಕು ಎಂದುಕೊಂಡಳು.

ಪಂತಾಜಿ ಬಂದಾಗ ಸಂಜೆ. ಕರು ಉಳಿದಿತ್ತು, ಹಸುವಿನ ಹೊಟ್ಟೆಯಲ್ಲಿ ಕೈಯಾಡಿಸಿ ಅವರ ತೋಳು ಬಾತುಕೊಂಡಿತ್ತು. ಒಂದೇ ಸಮನೆ ಕೂತು ಗಾಜುಗಳನ್ನೆಲ್ಲ ನೋಡಿ ಮುಗಿಸಿದರು. ಒಂದರಲ್ಲೂ ಹುಳುವಿರಲಿಲ್ಲ. ಸ್ಮಾರಾಂಡಾ ಕಿಟಕಿಯ ಕಡೆ ಕೈ ಚಾಚಿದಳು. ಅದೇ ಹೊತ್ತಿಗೆ ಡಾಕ್ಟರು ದೀಪ ಆರಿಸಿ ಕಣ್ಣುಜ್ಜಿಕೊಂಡರು.

“ಬೆಳಗ್ಗಿಂದ ಒಬ್ಬಳೇ ನಿಭಾಯಿಸಿದೀಯ. ಹೊಸ ವರ್ಷದವರೆಗೂ ಏನು ಕಾಯೋದು? ಕೆಲಸ ನಿಂದೇ ಅಂತ ಅಪ್ಪಂಗೆ ಹೇಳು.”

ಅವಳ ಕೈ ಹಾಗೇ ಕೆಳಗಿಳಿಯಿತು. ಥ್ಯಾಂಕ್ಸ್ ಡಾಕ್ಟ್ರೇ ಅಂದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡಳು: ಝಂಫೀರಾಳ ಹಂದಿ ಎಂದಾದರೂ ಕೆಟ್ಟದ್ದಿದೆಯೇ, ಅವಳು ಹಂದಿಗೆ ಹಾಕುವ ಜೋಳವನ್ನೂ ಆರಿಸಿ ಹಾಕುವವಳು. ಅಪ್ಪ ಕೆಲಸದ ಸುದ್ದಿ ಕೇಳಿ ಬೀದಿಗೆ ಹೋಗಿ ನಾಲ್ಕು ಜನರಿಗೆ ಹೇಳಿ ಬಂದ. ಅವಳಿಗೆ ಊಟ ಸೇರಲಿಲ್ಲ.

ಮರುದಿನ ಅವಳು ಸಾಸೇಜಿನ ಕೆಲಸಕ್ಕೆಂದು ಝಂಫೀರಾಳ ಮನೆಗೆ ಹೋದಳು. ಮೇಜಿನ ಮೇಲೆ ಅಗಲವಾದ ಮರದ ತೊಟ್ಟಿಯಲ್ಲಿ ಕೊಚ್ಚಿದ ಮಾಂಸ, ಬೆಳ್ಳುಳ್ಳಿ, ಮೆಣಸು. ಝಂಫೀರಾ ಮೊಣಕೈವರೆಗೂ ಕೈ ಇಳಿಸಿ ಕಲಸುತ್ತಿದ್ದಳು. ನಮ್ಮ ಹೆಂಗಸರಿಗೆ ಉಪ್ಪಿನ ಅಳತೆ ಇರುವುದು ನಾಲಿಗೆಯಲ್ಲಿ. ಅವಳು ಬೆರಳ ತುದಿಯಲ್ಲಿ ಹಸಿ ಮಾಂಸ ತೆಗೆದು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ ಚಪ್ಪರಿಸಿದಳು.

“ಇನ್ನೊಂದು ಚಿಟಿಕೆ ಬೇಕು,” ಎಂದಳು.

ಬೇಡ ಎನ್ನಲು ಸ್ಮಾರಾಂಡಾ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಬೇಡ ಎಂದರೆ ಯಾಕೆ ಎಂದು ಹೇಳಬೇಕು, ಯಾಕೆಂದು ಹೇಳಿದರೆ ಕೆಲಸ ಹೋಗುತ್ತದೆ. ಝಂಫೀರಾ ಉಪ್ಪು ಹಾಕಿದಳು, ಕಲಸಿದಳು, ಮತ್ತೊಮ್ಮೆ ರುಚಿ ನೋಡಿದಳು.

“ಈಗ ಸರಿಯಾಯ್ತು ನೋಡು. ಏನೇ ಹುಡುಗಿ, ದೆವ್ವ ಕಂಡವಳ ಹಾಗೆ ನಿಂತೆ? ಕರುಳು ಕೊಡು ಈ ಕಡೆ.”

ಹಸಿ ಮಾಂಸ ಝಂಫೀರಾಳ ಬಾಯಿಗೆ ಹೋದ ಆ ಎರಡನೇ ಸಲ. ಮೊದಲನೆಯದು ಕೈಮೀರಿ ಆಯಿತು ಎನ್ನಬಹುದು. ಎರಡನೆಯದನ್ನು ಸ್ಮಾರಾಂಡಾ ಕಣ್ಣಾರೆ ನೋಡುತ್ತ ನಿಂತಿದ್ದಳು. ಇವತ್ತಿಗೂ ಅವಳನ್ನು ಇರಿಯುವುದು ಅದೇ.

ತಲೆನೋವೆಂದು ಸುಳ್ಳು ಹೇಳಿ ಅವಳು ಕ್ಲಿನಿಕ್ಕಿಗೆ ಓಡಿದಳು. ಡಾಕ್ಟರು ಊಟಕ್ಕೆ ಹೋಗಿದ್ದರು. ಕಿಟಕಿಯ ಸಂದಿಯಿಂದ ತುಂಡು ತೆಗೆದು, ಕತ್ತರಿಸಿ, ಬಿಗಿದು, ದೀಪ ಹಚ್ಚಿದಳು. ಮೊದಲ ಚೂರುಗಳಲ್ಲಿ ಏನೂ ಇರಲಿಲ್ಲ. ಅವಳು ದೇವರಿಗೆ ಏನೇನೋ ಹರಕೆ ಹೇಳಿಕೊಳ್ಳುತ್ತ ಗಾಜು ಸರಿಸಿದಳು. ಆಮೇಲಿನದರಲ್ಲಿ ಅದು ಇತ್ತು. ಸಣ್ಣ ಕೋಶದೊಳಗೆ ಸುರುಳಿ ಸುತ್ತಿ, ನೆಮ್ಮದಿಯಾಗಿ. ಪಕ್ಕದಲ್ಲಿ ಇನ್ನೊಂದು.

ಅವಳು ತಿರುಗಿ ಝಂಫೀರಾಳ ಮನೆಗೆ ಬಂದು, ಅಡುಗೆಮನೆಯ ಬಾಗಿಲಲ್ಲೇ ಎಲ್ಲವನ್ನೂ ಹೇಳಿದಳು. ನೋಡದೆ ಕೂಗಿದ್ದು, ಈಗ ನೋಡಿದ್ದು, ಕಂಡದ್ದು. ಝಂಫೀರಾ ಕೇಳಿಸಿಕೊಂಡು, ಕೈ ತೊಳೆದುಕೊಂಡು, ಒಂದು ಲೋಟ ಸಾರಾಯಿಯಲ್ಲಿ ಬಾಯಿ ಮುಕ್ಕಳಿಸಿ ಉಗುಳಿದಳು. ಅದರಿಂದ ಉಪಯೋಗವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

“ಇನ್ಯಾರೂ ಹಸೀದು ತಿಂದಿಲ್ಲ,” ಎಂದಳು. “ನೆನ್ನೆ ಗಾವ್ರಿಲ್ ಜೊತೆ ಕೂತು ತಿಂದಿದ್ದು ಚೆನ್ನಾಗಿ ಹುರಿದಿದ್ದು, ಕರಕಲಾಗೋ ಹಾಗೆ. ನಡಿ.”

“ಎಲ್ಲಿಗೆ ದೊಡ್ಡಮ್ಮ?”

“ನಿನ್ನ ಡಾಕ್ಟ್ರ ಹತ್ರ. ನೀನು ಮಾತ್ರ ತುಟಿ ಪಿಟಕ್ ಅನ್ನಬಾರದು, ಕೇಳಿಸ್ತಾ?”

ಪಂತಾಜಿಯವರ ಮೇಜಿನ ಮೇಲೆ ಸಾಸೇಜಿನ ಮಾಲೆಯನ್ನು ಇಟ್ಟು ಝಂಫೀರಾ ಹೇಳಿದ್ದು ಇದು: ನೆನ್ನೆ ತನ್ನ ಹಂದಿಯನ್ನು ಇನ್ನೂ ಬಗೆದಿರಲಿಲ್ಲ. ಸಾಲಿನಲ್ಲಿ ಮುಂದಾಗಲೆಂದು ಪಕ್ಕದ ಮನೆಯ ಹಂದಿಯ ತುಂಡನ್ನು ತನ್ನದೆಂದು ತಂದಳು. ಈಗ ಮನಸ್ಸು ತಡೆಯದೆ ತನ್ನದನ್ನು ತಂದಿದ್ದಾಳೆ. ಹೇಳಿದ ರೀತಿ ಎಷ್ಟು ಸಲೀಸಾಗಿತ್ತೆಂದರೆ ಸ್ಮಾರಾಂಡಾ ಕೂಡ ಒಂದು ಕ್ಷಣ ನಂಬಿಬಿಟ್ಟಳು.

ಡಾಕ್ಟರು ದೀಪದಲ್ಲಿ ನೋಡಿದರು. ಆಮೇಲೆ ಎದ್ದು ನಿಂತು ಬೈದರು. ಮುದುಕಿ, ಅವಿವೇಕಿ, ಊರನ್ನೇ ಮಣ್ಣು ಮಾಡಲು ಹೊರಟವಳು ಎಂದೆಲ್ಲ ಬೈದರು. ಝಂಫೀರಾ ತಲೆ ತಗ್ಗಿಸಿ ಹೌದು ಡಾಕ್ಟ್ರೇ, ತಪ್ಪಾಯ್ತು ಡಾಕ್ಟ್ರೇ ಎನ್ನುತ್ತಿದ್ದಳು. ಎರಡು ಹೆಜ್ಜೆ ಆಚೆ ನಿಂತಿದ್ದ ಸ್ಮಾರಾಂಡಾ ತುಟಿ ಪಿಟಕ್ ಅನ್ನಲಿಲ್ಲ. ಹೇಳಿದ ಮಾತು ಕೇಳುವ ಹುಡುಗಿ.

ಹಂದಿಯನ್ನು ಊರಾಚೆ ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿದರು. ವರ್ಷವಿಡೀ ಸಾಕಿದ್ದು, ಚಳಿಗಾಲಕ್ಕೆಲ್ಲ ಆಗಬೇಕಿದ್ದ ಕೊಬ್ಬು, ಹೊಗೆಯ ಮಾಂಸ, ಎಲ್ಲವೂ ಮಣ್ಣಿಗೆ ಹೋಯಿತು. ಝಂಫೀರಾ ಪಟ್ಟಣದ ಆಸ್ಪತ್ರೆಗೆ ಹೋಗಿ ಮಾತ್ರೆ ತಂದುಕೊಂಡಳು. ಕ್ರಿಸ್‌ಮಸ್ಸಿನ ಬೆಳಿಗ್ಗೆ ಚರ್ಚಿನ ಮೆಟ್ಟಿಲ ಮೇಲೆ ಎಫ್ತಿಮಿಯಾ ತಟ್ಟೆಯಲ್ಲಿ ತಂದಿದ್ದ ಸಾಸೇಜನ್ನು ಅವಳ ಮುಂದೆ ಹಿಡಿದಳು.

“ತಗೋ ಝಂಫೀರಾ, ಇದು ನಮ್ಮನೆ ಹಂದೀದೇ. ಬೇರೆಯವರ ಮನೇದಲ್ಲ.”

ಜನ ಮುಖ ತಿರುಗಿಸಿಕೊಂಡು ನಕ್ಕರು. ಝಂಫೀರಾ ತುಂಡು ತೆಗೆದುಕೊಂಡು, ದೇವರು ಒಳ್ಳೇದು ಮಾಡ್ಲಿ ಎಂದು ಹೇಳಿ ತಿಂದಳು. ಹಿಂದಿನ ಸಾಲಿನಲ್ಲಿದ್ದ ಸ್ಮಾರಾಂಡಾ ನೆಲ ನೋಡುತ್ತಿದ್ದಳು.

ಹೊಸ ವರ್ಷದ ದಿನ ಜ್ಞಾನಮಕ್ಕಳು ಜ್ಞಾನತಾಯಿಗೆ ಕಾಣಿಕೆ ಒಯ್ಯಬೇಕು. ಸ್ಮಾರಾಂಡಾ ತನ್ನ ಅಪ್ಪನ ಹಂದಿಯ ತೊಡೆ, ಒಂದು ಸಿಹಿ ರೊಟ್ಟಿ ಹಿಡಿದು ಹೋದಳು. ಝಂಫೀರಾ ಒಲೆಯ ಪಕ್ಕ ಹಾಸಿಗೆಯಲ್ಲಿದ್ದಳು. ಕಣ್ಣಿನ ರೆಪ್ಪೆಗಳು ಊದಿ ಕಣ್ಣು ಗೀರಿನಷ್ಟಾಗಿತ್ತು. ತೊಡೆ, ಕೆನ್ನೆ, ನಾಲಿಗೆಯ ಬುಡ ಎಲ್ಲವೂ ನೋವು. ಅಗಿಯುವುದಕ್ಕೂ ಆಗದೆ ಜೋಳದ ಹಿಟ್ಟಿನ ಗಂಜಿ ಕುಡಿಯುತ್ತಿದ್ದಳು.

“ನಾನು ಡಾಕ್ಟ್ರಿಗೆ ಹೇಳಿಬಿಡ್ತೀನಿ ದೊಡ್ಡಮ್ಮ.”

“ಹೇಳಿದ್ರೆ ನನ್ನ ಹಂದಿ ಗುಂಡಿಯಿಂದ ಎದ್ದು ಬರುತ್ತಾ? ಬಸ್ಸು ಹತ್ತಬೇಕಾಗುತ್ತೆ, ಅಷ್ಟೇ. ಸುಮ್ನಿರು.” ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು ಅವಳು ಮುಂದುವರಿಸಿದಳು. “ಆ ದಿನ ಬರ್ತಾ ಸೇತುವೆ ಹತ್ರ ಡಾಕ್ಟ್ರ ಕಾರು ಎದುರಾಯ್ತು. ಕೈ ಕೂಡ ಬೀಸಿದ್ರು ನಂಗೆ.”

ಸ್ಮಾರಾಂಡಾಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. “ಹಾಗಾದ್ರೆ ನಿಮಗೆ ಗೊತ್ತಿತ್ತು.”

“ಗೊತ್ತಿಲ್ದೆ ಏನು? ಡಾಕ್ಟ್ರು ಇಲ್ಲದ ಮೇಲೆ ನನ್ನ ಮಾಂಸ ನೋಡಿದ್ಯಾರು? ಆದ್ರೆ ಆ ಎಫ್ತಿಮಿಯಾ ಮುಂದೆ ನನ್ನ ಹುಡುಗಿ ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗಿದಳಲ್ಲ, ನಂಗೆ ಅದು ಬೇಕಾಗಿತ್ತು. ಹೊಟ್ಟೆ ತುಂಬಿಹೋಯ್ತು. ಅದಕ್ಕೇ ನಡ್ಕೊಂಡು ಹೋದೆ.” ಅವಳು ನಗಲು ನೋಡಿದಳು, ಕೆನ್ನೆ ನೋಯಿತೇನೋ, ನಿಲ್ಲಿಸಿದಳು. “ತಪ್ಪು ಅರ್ಧ ನಂದು. ಹಂಚ್ಕೊಂಡ್ರಾಯ್ತು ಬಿಡು.”

ಆದರೆ ಹಂಚಿಕೆಯಲ್ಲಿ ಊದಿದ ಕಣ್ಣು ಒಬ್ಬಳಿಗೆ, ಕೆಲಸ ಇನ್ನೊಬ್ಬಳಿಗೆ ಹೋಗಿತ್ತು. ಚಿಕ್ಕವಳಿದ್ದಾಗ ಹಂದಿಯ ಸದ್ದು ಕೇಳದ ಹಾಗೆ ಕಿವಿ ಮುಚ್ಚಿ ಹಿಡಿದ ಕೈಗಳು ಈಗ ಚಾದರದ ಮೇಲೆ ನಿಶ್ಶಕ್ತವಾಗಿ ಬಿದ್ದಿದ್ದವು. ಸ್ಮಾರಾಂಡಾ ಅವುಗಳನ್ನು ನೋಡುತ್ತ ಕೂತಳು.

ಹೊಸ ವರ್ಷದ ರಜೆ ಮುಗಿದು ಕ್ಲಿನಿಕ್ಕು ತೆರೆದ ದಿನ ಅವಳು ಕೋಟು ಬಿಚ್ಚುವ ಮೊದಲೇ ಡಾಕ್ಟರಿಗೆ ಹೇಳಿದಳು. ಮುದುಕಿಗೆ ತಾವು ಬೈದ ಬೈಗಳೆಲ್ಲ ಪಂತಾಜಿಯವರಿಗೆ ಆಗ ನೆನಪಾಗಿರಬೇಕು, ಮುಖ ಕಪ್ಪಿಟ್ಟಿತು.

“ಅವಳು ಸತ್ತುಹೋಗಿದ್ರೆ?” ಎಂದರು. “ನಂಗೆ ಹೇಳಿದ್ದಾಯ್ತು. ಎಲ್ಲಿ ನಿಂತು ಕೂಗಿದೆಯೋ ಅಲ್ಲೇ ನಿಂತು ಇದನ್ನೂ ಕೂಗು. ಆಮೇಲೆ ನಿನ್ನ ಕೆಲಸದ ಮಾತು.”

ಅಂಗಳದಲ್ಲಿ ನಾಯಿ, ಮೇಕೆ, ಕೆಮ್ಮುವ ಕೋಳಿ ಹಿಡಿದು ಏಳೆಂಟು ಜನರಿದ್ದರು. ಎಫ್ತಿಮಿಯಾ ತನ್ನ ಬೆಕ್ಕಿನೊಡನೆ ಇದ್ದಳು. ಸುದ್ದಿ ಊರಿಗೆಲ್ಲ ಮುಟ್ಟಲು ಅವಳೊಬ್ಬಳು ಸಾಕು. ಸ್ಮಾರಾಂಡಾ ಬಾಗಿಲಿಗೆ ಬಂದು ನಿಂತಳು.

“ಝಂಫೀರಾ ಮೋಸ ಮಾಡಿಲ್ಲ. ತಂದಿದ್ದು ಅವರದೇ ಮಾಂಸ. ನೋಡದೆ ಕೂಗಿದ್ದು ನಾನು. ನನ್ನ ಕೆಲಸ ಉಳೀಲಿ ಅಂತ ಅವರು ತಪ್ಪು ತಲೆ ಮೇಲೆ ಹಾಕ್ಕೊಂಡ್ರು.”

ಎಫ್ತಿಮಿಯಾ ಬೆಕ್ಕನ್ನು ಎದೆಗೊತ್ತಿಕೊಂಡು, ಈ ಸಲ ಕೊಂಕಿಲ್ಲದ ದನಿಯಲ್ಲಿ ಕೇಳಿದಳು.

“ಹಾಗಾದ್ರೆ ನಮ್ಮದು? ನಮ್ಮದನ್ನ ನೋಡಿದ್ರಾ?”

ಸಂಜೆಯೊಳಗೆ ಇಡೀ ಸಾಲ್ಚೆನಿ ಅಂಗಳಕ್ಕೆ ಬಂದಿತ್ತು. ಹೊಗೆಗೆ ತೂಗುಹಾಕಿದ್ದ ಸಾಸೇಜುಗಳನ್ನು ಇಳಿಸಿ, ತೊಡೆಗಳನ್ನು ಕೊಯ್ದು ತಂದಿದ್ದರು. ಯಾರೂ ಅವಳನ್ನು ಬೈಯಲಿಲ್ಲ, ಮಾತಾಡಿಸಲೂ ಇಲ್ಲ. ತುಂಡನ್ನು ಅವಳ ಕೈಗೆ ಕೊಡದೆ ಡಾಕ್ಟರ ಮೇಜಿನ ಮೇಲೆ ಇಡುತ್ತಿದ್ದರು. ಅವಳು ಮತ್ತೆ ಎಲ್ಲರದನ್ನೂ ಕತ್ತರಿಸಿ ಬಿಗಿದಳು, ದಿನಗಟ್ಟಲೆ. ಬೆರಳುಗಳ ಸಂದಿಯ ಚರ್ಮ ಒಡೆದು ರಕ್ತ ಬಂತು. ಎಲ್ಲರದೂ ಚೊಕ್ಕವಾಗಿತ್ತು. ಕೂಗಿದವರು ಡಾಕ್ಟರು.

“ಕೆಲಸ ನಿಂದೇ ಅಂದಿದ್ದನ್ನ ವಾಪಸ್ ತಗೊಂಡಿದ್ದೀನಿ,” ಎಂದರು ಅವರು ಕೊನೆಯ ಗಾಜು ತೊಳೆಯುವಾಗ. “ಮುಂದಿನ ಇಗ್ನಾತ್‌ವರೆಗೂ ನೋಡೋಣ. ಅಲ್ಲೀವರೆಗೆ ಬಾಗಿಲಲ್ಲಿ ನಿನ್ನ ದನಿ ಕೇಳಬಾರದು.”

ಫೆಬ್ರವರಿಯ ಬಸ್ಸು ಅವಳನ್ನು ಬಿಟ್ಟು ಹೋಯಿತು. ವರ್ಷವಿಡೀ ಅವಳು ಕಸ ಗುಡಿಸಿದಳು, ಬೆಕ್ಕು ಹಿಡಿದಳು, ದಿನಾ ಸಂಜೆ ಝಂಫೀರಾಳ ಮನೆಗೆ ಹೋಗಿ ಕಾಲು ಒತ್ತಿದಳು. ಬೇಸಿಗೆಯ ಹೊತ್ತಿಗೆ ಝಂಫೀರಾ ಎದ್ದು ಓಡಾಡಿದಳು, ಹೊಸ ಮರಿ ತಂದು ಸಾಕಿದಳು. ಮೆಟ್ಟಿಲು ಹತ್ತುವಾಗ ಮಾತ್ರ ಗೋಡೆ ಹಿಡಿಯುತ್ತಿದ್ದಳು, ಈಗಲೂ ಹಿಡಿಯುತ್ತಾಳೆ.

ಮುಂದಿನ ಇಗ್ನಾತ್ ದಿನ ಝಂಫೀರಾ ಬಂದು ಸಾಲಿನ ಕೊನೆಯಲ್ಲಿ ನಿಂತಳು. ಎಫ್ತಿಮಿಯಾ ತನ್ನ ಜಾಗ ಬಿಟ್ಟುಕೊಡಲು ಹೋದರೆ ಬೇಡವೆಂದಳು. ಅವಳ ಸರದಿ ಬಂದಾಗ ಮಧ್ಯಾಹ್ನ ಕಳೆದಿತ್ತು. ಡಾಕ್ಟರು ಗಾಜನ್ನು ನೋಡಿ ಪಕ್ಕಕ್ಕೆ ಸರಿದರು, ಸ್ಮಾರಾಂಡಾಗೂ ನೋಡಲು ಹೇಳಿದರು. ಅವಳು ಒಂದೊಂದು ಚೂರನ್ನೂ ನೋಡಿದಳು. ಆಮೇಲೆ ಅವರು ಬಾಗಿಲ ಕಡೆ ಗದ್ದ ಎತ್ತಿ ತೋರಿಸಿದರು.

“ಝಂಫೀರಾ, ಚೊಕ್ಕ.”

“ಯಾರು ನೋಡಿದ್ದು?” ಝಂಫೀರಾ ಅಂಗಳಕ್ಕೆಲ್ಲ ಕೇಳುವ ಹಾಗೆ ಕೇಳಿದಳು.

“ಡಾಕ್ಟ್ರು ನೋಡಿದ್ರು. ನಾನೂ ನೋಡಿದೆ.”

ಮರುದಿನ ಇಬ್ಬರೂ ಸಾಸೇಜಿಗೆ ಕೂತರು. ಮಾಂಸ, ಬೆಳ್ಳುಳ್ಳಿ, ಮೆಣಸು, ಉಪ್ಪು. ಝಂಫೀರಾಳ ಬೆರಳು ಅಭ್ಯಾಸಬಲದಿಂದ ತೊಟ್ಟಿಯಿಂದ ಬಾಯಿಯ ಕಡೆ ಹೋಯಿತು, ಅರ್ಧ ದಾರಿಯಲ್ಲಿ ನಿಂತಿತು. ಅವಳು ಸ್ಮಾರಾಂಡಾಳ ಮುಖ ನೋಡಲಿಲ್ಲ. ಬೆರಳನ್ನು ಸೊಂಟಕ್ಕೆ ಕಟ್ಟಿದ್ದ ಬಟ್ಟೆಗೆ ಒರೆಸಿಕೊಂಡು, ರುಚಿ ನೋಡದೆ ಅಂದಾಜಿನ ಮೇಲೆ ಇನ್ನೊಂದು ಹಿಡಿ ಉಪ್ಪು ಹಾಕಿದಳು.

ಕ್ರಿಸ್‌ಮಸ್ಸಿನ ಊಟಕ್ಕೆ ಝಂಫೀರಾಳ ಮನೆಯಲ್ಲಿ ಕೂತವರೆಲ್ಲ ಮೊದಲ ತುತ್ತಿಗೇ ನೀರಿನ ಲೋಟಕ್ಕೆ ಕೈ ಹಾಕಿದರು. ಸಾಸೇಜು ಬರೀ ಉಪ್ಪುಮಯ. ಏನಾಯ್ತು ನಿನ್ನ ಕೈಗೆ ಎಂದು ಗಾವ್ರಿಲ್ ನಕ್ಕ. ಅಪ್ಪ ತನ್ನ ತುಂಡನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿದ. ಸ್ಮಾರಾಂಡಾ ತನ್ನದನ್ನು ಪೂರ್ತಿ ತಿಂದಳು. ಆಮೇಲೆ ಅಪ್ಪ ಬಿಟ್ಟಿದ್ದನ್ನೂ ತೆಗೆದುಕೊಂಡು ತಿಂದಳು.